ಹಾವಿನ ಪೆಟ್ಟಿಗೆ, ಗಿಳಿ ಪಂಜರ, ಬಾಡಿಗೆ ಮನೆ: ಬಳ್ಳಾರಿಯಲ್ಲಿ ‘ಖಾಲಿ ಮಾಡ್ರಿ’ ಅಂದಾಗ ಮಾಡಬೇಕಾದ್ದು

ಗಾಂಧಿನಗರದ ಮೇಲ್ಮಹಡಿ ಇರಲಿ, ಕೌಲ್ ಬಜಾರಿನ ವಠಾರ ಇರಲಿ, ತೋರಣಗಲ್ಲಿನಲ್ಲಿ ಕಾರ್ಖಾನೆ ನೌಕರರನ್ನು ನಂಬಿ ಕಟ್ಟಿದ ಸಾಲುಮನೆ ಇರಲಿ, ಮಾತು ಶುರುವಾಗುವುದು ಒಂದೇ ಥರ. ಮಾಲೀಕರು ನೀರಿನ ಮೋಟರು ನೋಡಲಿಕ್ಕೆ ಬರುತ್ತಾರೆ, ಒಳಗಿನ ಗಾಜಿನ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. “ಏನ್ರೀ ಇದು, ಹಾವೇನ್ರಿ? ತಿಂಗ್ಳು ಮುಗಿಯೋದ್ರಾಗ ಮನಿ ಖಾಲಿ ಮಾಡ್ರಿ.” ಆ ಹೊತ್ತಿಗೆ ಕೊಡುವ ಉತ್ತರ ಇಷ್ಟೇ: “ಆತ್ರೀ, ನಾಳೆ ಮುಂಜಾನೆ ಕುಂತು ಮಾತಾಡೋಣ್ರಿ.” ಖಾಲಿ ಮಾಡುತ್ತೇನೆಂದು ಒಪ್ಪಬೇಡಿ, ಮಾಡುವುದಿಲ್ಲವೆಂದು ಕೂಗಾಡಲೂ ಬೇಡಿ. ವಾಟ್ಸಾಪಿನಲ್ಲಿ ‘ತಪ್ಪಾಯಿತು’ ಎಂದು ಬರೆಯುವುದಂತೂ ಬೇಡವೇ ಬೇಡ.

ಆ ರಾತ್ರಿ ಮಾಡಬೇಕಾದ ಕೆಲಸ ಎರಡು. ನಿಮ್ಮ ಪ್ರಾಣಿಯನ್ನು ಕಾನೂನು ಯಾವ ಗುಂಪಿನಲ್ಲಿ ಇಟ್ಟಿದೆ ಎಂದು ಖಚಿತ ಮಾಡಿಕೊಳ್ಳುವುದು ಮತ್ತು ಕರಾರು ಪತ್ರವನ್ನು ಅಕ್ಷರ ಬಿಡದೆ ಓದುವುದು. ಮೊದಲನೆಯದನ್ನು ಬಿಟ್ಟು ಮಾಲೀಕರ ಮೇಲೆ ದೂರು ಕೊಡಲು ಠಾಣೆಗೆ ಓಡಿದರೆ, ದೂರು ಕೊಟ್ಟವರೇ ಆರೋಪಿಯಾಗುವ ಸಾಧ್ಯತೆ ಉಂಟು.

ಮೊದಲು ಪ್ರಾಣಿಯ ಜಾತಕ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಅದಕ್ಕೆ 2022ರಲ್ಲಿ ಆದ ದೊಡ್ಡ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮನೆಯಲ್ಲಿರುವ ಪ್ರಾಣಿ ಮೂರರಲ್ಲಿ ಒಂದು ಗುಂಪಿಗೆ ಬೀಳುತ್ತದೆ.

ಒಂದು, ಈ ನೆಲದ ಕಾಡುಪ್ರಾಣಿ. ಕೊರಳಿಗೆ ಗುಲಾಬಿ ಪಟ್ಟಿಯ ನಮ್ಮ ಹಸಿರು ಗಿಳಿ, ಭುಜದ ಮೇಲೆ ಕೆಂಪು ಮಚ್ಚೆಯ ದೊಡ್ಡ ಗಿಳಿ, ನಕ್ಷತ್ರ ಆಮೆ, ಉಡ, ಎರಡು ತಲೆ ಹಾವೆಂದು ಕರೆಯುವ ಮಣ್ಣುಮುಕ್ಕ, ನಮ್ಮ ಹೆಬ್ಬಾವು. ಇವನ್ನು ಸಾಕುವುದೇ ಅಪರಾಧ. ನಕ್ಷತ್ರ ಆಮೆ, ಉಡ, ಹೆಬ್ಬಾವು ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಅದಕ್ಕೆ ಜೋಡಿಸಿದ ಮೊದಲ ಪಟ್ಟಿಯಲ್ಲಿವೆ; ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಗಿಳಿ ಎರಡನೇ ಅನುಸೂಚಿಯಲ್ಲಿದೆ. 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. “ಅಜ್ಜನ ಕಾಲದಿಂದ ಗಿಣಿ ಸಾಕ್ಯೀವ್ರಿ” ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಎರಡು, ಪರದೇಶದ್ದು ಮತ್ತು ಸೈಟಿಸ್ ಒಪ್ಪಂದದ (ಕಾಡು ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿರುವುದು: ಬಾಲ್ ಪೈಥಾನ್ ಹಾವು, ಹಸಿರು ಇಗ್ವಾನಾ ಎಂಬ ದೊಡ್ಡ ಹಲ್ಲಿ, ಸಲ್ಕಾಟಾ ಆಮೆ, ಸನ್ ಕಾನ್ಯೂರ್, ಆಫ್ರಿಕನ್ ಗ್ರೇ, ಮಕಾವ್ ಗಿಳಿಗಳು. ಇವು ನಾಲ್ಕನೇ ಅನುಸೂಚಿಯವು. ಸಾಕಬಹುದು, ಆದರೆ 49ಎಂ ಕಲಮಿನ ಪ್ರಕಾರ ನೋಂದಣಿ ಕಡ್ಡಾಯ. ನಿಯಮಗಳು 2024ರ ಫೆಬ್ರವರಿ 28ರಂದು ಬಂದವು. ಆಗಲೇ ಪ್ರಾಣಿ ಇಟ್ಟುಕೊಂಡವರಿಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ 2.0 ಪೋರ್ಟಲಿನಲ್ಲಿ ಅರ್ಜಿ ಹಾಕಲು ಆರು ತಿಂಗಳು ಕೊಟ್ಟಿದ್ದರು; ಆಮೇಲೆ ಕೊಂಡವರಿಗೆ ಇರುವುದು 30 ದಿನ. ಪ್ರಾಣಿಯನ್ನು ಬೇರೆಯವರಿಗೆ ಕೊಟ್ಟರೂ, ಮರಿಯಾದರೂ, ಸತ್ತರೂ ಅಲ್ಲಿಗೇ ತಿಳಿಸಬೇಕು.

ಮೂರು, ಯಾವ ಪಟ್ಟಿಯಲ್ಲೂ ಇಲ್ಲದ್ದು: ಬಡ್ಜಿ, ಕಾಕಟೀಲ್, ಪೀಚ್ ಮುಖದ ಲವ್‌ಬರ್ಡ್‌ನಂಥ ಪುಟ್ಟ ಹಕ್ಕಿಗಳು, ಹ್ಯಾಮ್‌ಸ್ಟರ್, ಶುಗರ್ ಗ್ಲೈಡರ್‌ನಂಥ ಸಣ್ಣ ಪ್ರಾಣಿಗಳು. ಇಲ್ಲಿ ಹೆಸರಿನ ಗೋಜಲು ಬಹಳ. ನಮ್ಮ ಕಡೆ ‘ಲವ್ ಬರ್ಡ್ಸ್’ ಎಂದು ಜೋಡಿ ಲೆಕ್ಕದಲ್ಲಿ ಮಾರುವುದು ಸಾಮಾನ್ಯವಾಗಿ ಬಡ್ಜಿ, ಅದಕ್ಕೆ ನೋಂದಣಿ ಬೇಡ. ನಿಜವಾದ ಲವ್‌ಬರ್ಡ್‌ಗಳಲ್ಲಿ ಪೀಚ್ ಮುಖದ್ದನ್ನು ಬಿಟ್ಟರೆ ಉಳಿದವು ಪಟ್ಟಿಯಲ್ಲಿವೆ. ಕಣ್ಣಿನ ಸುತ್ತ ದಪ್ಪ ಬಿಳಿ ಉಂಗುರವಿದ್ದರೆ ಅದು ಪೀಚ್ ಮುಖದ್ದಲ್ಲ ಎಂದು ತಿಳಿದು ವಿಚಾರಿಸಿ.

ಪಶುವೈದ್ಯರಿಂದ ಒಂದು ಪತ್ರ ಮಾಡಿಸಿಟ್ಟುಕೊಳ್ಳಿ: ಜಾತಿಯ ವೈಜ್ಞಾನಿಕ ಹೆಸರು, ವಿಷ ಇದೆಯೋ ಇಲ್ಲವೋ, ಆರೋಗ್ಯ, ಗುರುತಿನ ಚಿಹ್ನೆ. ಬಾಲ್ ಪೈಥಾನನ್ನು ನಮ್ಮ ಹೆಬ್ಬಾವಿನ ಮರಿ ಎಂದುಕೊಳ್ಳುವುದು ತೀರಾ ಸಹಜ. ಪೊಲೀಸರು ಬಾಗಿಲಿಗೆ ಬಂದಾಗ ಅಲ್ಲಲ್ಲ ಎಂದು ವಾದ ಮಾಡುವುದಕ್ಕಿಂತ ಕಾಗದ ತೋರಿಸುವುದು ಸುಲಭ.

ನೋಂದಣಿ ಇಲ್ಲವೇ? ಹಳೇ ತಾರೀಖಿನ ಬಿಲ್ ಬರೆಸಬೇಡಿ. ಒಂದು ತಪ್ಪು ಎರಡಾಗುತ್ತದೆ. ವಕೀಲರನ್ನು ಕಂಡು, ಅವರ ಜೊತೆ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಹೋಗಿ. ಮೊದಲ ಗುಂಪಿನ ಪ್ರಾಣಿಯಾಗಿದ್ದರೂ ಇದೇ ದಾರಿ, ಮತ್ತು ತಡ ಮಾಡದೆ: ಇಂಥ ಪ್ರಾಣಿ ಕೈಗೆ ಬಂದ 48 ಗಂಟೆಯೊಳಗೆ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕೆಂದು 39ನೇ ಕಲಮೇ ಹೇಳುತ್ತದೆ. ಒಪ್ಪಿಸಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಮಾರಿ ಕೈ ತೊಳೆದುಕೊಂಡರೆ ಅದು ಬೇರೆಯದೇ ಅಪರಾಧ. ಮಾಳಿಗೆ ಮೇಲಿಂದ ಹಾರಿಬಿಟ್ಟ ಪಳಗಿದ ಗಿಳಿ ಕಾಗೆಗಳ ಪಾಲು. ಪರದೇಶದ ನೀರಾಮೆಯನ್ನು ತುಂಗಭದ್ರಾ ಕಾಲುವೆಗೆ ಬಿಟ್ಟರೆ ಅದು ಬದುಕಿಕೊಂಡು ನಮ್ಮ ಆಮೆಗಳ ಜಾಗ ಕಸಿಯುತ್ತದೆ.

ಕರಾರಿನಲ್ಲಿ ಹುಡುಕಬೇಕಾದ ನಾಲ್ಕು ಸಾಲು

ನಮ್ಮಲ್ಲಿ ಬಹುತೇಕ ಕರಾರು 11 ತಿಂಗಳದ್ದು, ಈ-ಸ್ಟಾಂಪ್ ಕಾಗದದ ಮೇಲೆ, ಅಂಗಡಿಯವನ ಕಂಪ್ಯೂಟರಿನಲ್ಲಿ ಯಾವತ್ತೋ ಟೈಪಾದ ಹಳೇ ನಮೂನೆ. ಅದರಲ್ಲಿ ನೋಡಬೇಕಾದ್ದು ಇವು. ಪ್ರಾಣಿ ಬಗ್ಗೆ ಷರತ್ತು ಇದೆಯೇ, ಇದ್ದರೆ ‘ನಾಯಿ ಬೆಕ್ಕು’ ಅಂತಿದೆಯೋ ‘ಯಾವುದೇ ಸಾಕುಪ್ರಾಣಿ’ ಅಂತಿದೆಯೋ. ಷರತ್ತು ಮುರಿದರೆ ಮನೆ ವಾಪಸು ಪಡೆಯುವ ಹಕ್ಕು ಮಾಲೀಕರಿಗಿದೆ ಎಂದು ಬರೆದಿದೆಯೇ. ಖಾಲಿ ಮಾಡಿಸಲು ಎಷ್ಟು ತಿಂಗಳ ಮುಂಚೆ ತಿಳಿಸಬೇಕು. ಅಡ್ವಾನ್ಸಿನಲ್ಲಿ ಏನೇನು ಹಿಡಿದುಕೊಳ್ಳಬಹುದು.

ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಊರಿನ ವರ್ಗಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಇವತ್ತು ಬಳ್ಳಾರಿಯಲ್ಲಿ ಆ ದರಕ್ಕೆ ಸಿಗುವುದು ಒಂದು ಕೋಣೆ. ಉಳಿದವರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಹಳೆಯದಾದರೂ ಅದರಲ್ಲಿ ಬಾಡಿಗೆದಾರರಿಗೆ ಒಂದು ಒಳ್ಳೆ ಕಲಮು ಅಡಗಿದೆ: 114ಎ.

ಕರಾರಿನ ಷರತ್ತು ಮುರಿದಿದ್ದೀರಿ ಎಂಬ ಕಾರಣಕ್ಕೆ ಮನೆ ಬಿಡಿಸಬೇಕಾದರೆ, ಮಾಲೀಕರು ಮೊದಲು ಬರಹದಲ್ಲಿ ನೋಟಿಸ್ ಕೊಡಬೇಕು. ಯಾವ ಷರತ್ತು ಮುರಿದಿದೆ ಎಂದು ಅದರಲ್ಲಿ ನಿರ್ದಿಷ್ಟವಾಗಿ ಹೇಳಬೇಕು. ಸರಿಪಡಿಸಬಹುದಾದ ತಪ್ಪಾಗಿದ್ದರೆ ಸರಿಪಡಿಸಿ ಎಂದು ಕೇಳಬೇಕು. ತಕ್ಕಷ್ಟು ಸಮಯ ಕೊಟ್ಟರೂ ನೀವು ಸರಿಪಡಿಸದಿದ್ದರೆ ಮಾತ್ರ ಆ ಕಾರಣದ ಮೇಲೆ ದಾವೆ ನಿಲ್ಲುತ್ತದೆ. ಬಾಡಿಗೆ ಬಾಕಿ ಮತ್ತು ಒಳಬಾಡಿಗೆಗೆ ಈ ರಕ್ಷಣೆ ಇಲ್ಲ. ಪ್ರಾಣಿ ಸಾಕಿದ್ದು ಸರಿಪಡಿಸಬಹುದಾದ ತಪ್ಪೇ: ಪ್ರಾಣಿಯನ್ನು ಬೇರೆ ಕಡೆ ಸಾಗಿಸಿದರೆ ಷರತ್ತು ಮತ್ತೆ ಪಾಲನೆಯಾದಂತೆ.

ಇನ್ನೊಂದು, 112ನೇ ಕಲಮು. ಷರತ್ತು ಮುರಿದದ್ದು ಗೊತ್ತಿದ್ದೂ ಮಾಲೀಕರು ಆಮೇಲಿನ ಬಾಡಿಗೆ ಪಡೆದಿದ್ದರೆ, ಆ ತಪ್ಪನ್ನು ಮನ್ನಿಸಿದಂತೆ ಎಂದು ವಾದಿಸಬಹುದು. ಹೋದ ಯುಗಾದಿಗೆ ನೀವು ಕಳಿಸಿದ ಫೋಟೋದಲ್ಲಿ ಇಗ್ವಾನಾ ಕಾಣುತ್ತಿತ್ತು, ಅದಕ್ಕೆ ಅವರು ಹೆಬ್ಬೆರಳು ತೋರಿಸಿದ್ದರು ಎನ್ನಿ. ಆ ಸಂದೇಶ ಬಂಗಾರ. ಅಳಿಸಬೇಡಿ, ಪ್ರಕರಣ ಮುಗಿಯುವವರೆಗೆ ಆ ಫೋನು ಮಾರಲೂ ಬೇಡಿ.

ಇಷ್ಟೆಲ್ಲ ಇದ್ದರೂ ಕಹಿ ಮಾತೊಂದನ್ನು ಈಗಲೇ ಹೇಳಿಬಿಡಬೇಕು. ಕರಾರಿನ ಅವಧಿ ಮುಗಿದು ತಿಂಗಳ ಲೆಕ್ಕದಲ್ಲಿ ಮುಂದುವರಿದಿದ್ದರೆ ಮಾಲೀಕರಿಗೆ ಕಾರಣವೇ ಬೇಡ. 106ನೇ ಕಲಮಿನ ಪ್ರಕಾರ 15 ದಿನದ ಬರಹದ ನೋಟಿಸ್ ಸಾಕು. ಕರಾರಿನಲ್ಲಿ ಹೆಚ್ಚು ಬರೆದಿದ್ದರೆ ಅಷ್ಟು. ನೋಟಿಸಿನಲ್ಲಿ ದಿನ ಕಡಿಮೆ ಬಿದ್ದಿದೆ ಎಂಬ ತಕರಾರೂ, ಪೂರ್ತಿ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ, ನಿಲ್ಲುವುದಿಲ್ಲ. ಹಾಗಾಗಿ ಕೋರ್ಟಿನಲ್ಲಿ ಗೆದ್ದು ಅದೇ ಮನೆಯಲ್ಲಿ ವರ್ಷಗಟ್ಟಲೆ ಹಾವು ಸಾಕುವ ಲೆಕ್ಕ ಹಾಕಬೇಡಿ. ಕಾನೂನು ನಿಮಗೆ ಕೊಡುವುದು ಸಮಯ. ಆ ಸಮಯದಲ್ಲಿ ಅಡ್ವಾನ್ಸ್ ಪೂರ್ತಿ ವಾಪಸು ಪಡೆದು, ಪ್ರಾಣಿಗೆ ಅಪಾಯವಿಲ್ಲದಂತೆ ಇನ್ನೊಂದು ಜಾಗ ನೋಡಿಕೊಳ್ಳುವುದು ಜಾಣತನ.

ಉತ್ತರ ಬರೆಯುವುದು

ನೋಟಿಸ್ ಬಂದ ವಾರದೊಳಗೆ ಉತ್ತರ ಹೋಗಬೇಕು, ತಲುಪಿದ ಪುರಾವೆ ಬರುವ ಸ್ಪೀಡ್ ಪೋಸ್ಟಿನಲ್ಲಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಷರತ್ತು ಇರುವ ಕರಾರಿಗೆ ಪತ್ರ ಹೀಗಿದ್ದರೆ ಸಾಕು:

“ಮಾನ್ಯರೇ, ತಮ್ಮ ದಿನಾಂಕ ……ರ ನೋಟಿಸ್ ತಲುಪಿದೆ. ಕರಾರಿನ ……ನೇ ಷರತ್ತಿನ ಬಗ್ಗೆ ತಮ್ಮ ಆಕ್ಷೇಪವನ್ನು ಗಮನಿಸಿದ್ದೇನೆ. ಸದರಿ ಪ್ರಾಣಿ ವಿಷವಿಲ್ಲದ್ದು. ಪಶುವೈದ್ಯರ ಪತ್ರ ಹಾಗೂ ನೋಂದಣಿ ಪ್ರತಿ ಲಗತ್ತಿಸಿದೆ. ಅದನ್ನು ದಿನಾಂಕ ……ರೊಳಗೆ ಬೇರೆ ಸ್ಥಳಕ್ಕೆ ಸಾಗಿಸುತ್ತೇನೆ. ಬಾಡಿಗೆ ಬಾಕಿ ಇಲ್ಲ. ದಿನಾಂಕ ……ರಂದು ಬೆಳಿಗ್ಗೆ ತಾವು ಬಂದು ಮನೆಯ ಸ್ಥಿತಿಯನ್ನು ಪರಿಶೀಲಿಸಬಹುದು. ಈ ಪತ್ರವು ಮನೆ ಖಾಲಿ ಮಾಡಲು ನೀಡಿದ ಒಪ್ಪಿಗೆಯಲ್ಲ.”

ಕೊನೆಯ ಸಾಲು ಮರೆತರೆ ಪತ್ರದ ಅರ್ಧ ಬಲ ಹೋದಂತೆ. ಕರಾರಿನಲ್ಲಿ ಪ್ರಾಣಿಯ ಸುದ್ದಿಯೇ ಇಲ್ಲದಿದ್ದರೆ ‘ಸಾಗಿಸುತ್ತೇನೆ’ ಎಂಬ ಸಾಲನ್ನು ತೆಗೆದು, ‘ಕರಾರಿನಲ್ಲಿ ಇಂಥ ನಿರ್ಬಂಧವಿಲ್ಲ, ತಮ್ಮ ಕಾಳಜಿಗೆ ಈ ಕ್ರಮ ಕೈಗೊಂಡಿದ್ದೇನೆ’ ಎಂದು ಕ್ರಮಗಳನ್ನು ಬರೆಯಿರಿ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ತೋರಿಸಿ ವಾದಿಸುವವರಿದ್ದಾರೆ. ಅದು ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸದಂತೆ ಹೇಳಿದ್ದು; ಹಾವಿಗೂ ಮಾಲೀಕ-ಬಾಡಿಗೆದಾರರ ಕರಾರಿಗೂ ಅದನ್ನು ಎಳೆತಂದರೆ ನಿಮ್ಮ ಉಳಿದ ಒಳ್ಳೆ ವಾದವೂ ಸಡಿಲವಾಗುತ್ತದೆ.

ಬಾಡಿಗೆ ಒಂದು ದಿನವೂ ತಪ್ಪಬಾರದು. ಕೈಯಲ್ಲಿ ಕೊಡಬೇಡಿ, ಬ್ಯಾಂಕಿನಿಂದಲೋ ಯುಪಿಐನಿಂದಲೋ ಕಳಿಸಿ, ಯಾವ ತಿಂಗಳದ್ದು ಎಂದು ಬರೆಯಿರಿ. ಹಾವಿನ ಜಗಳದಲ್ಲಿ ನಿಮ್ಮದು ಗಟ್ಟಿ ನೆಲವಾದರೆ ಬಾಕಿ ಜಗಳದಲ್ಲಿ ಅವರದು. ದಾವೆ ಹೂಡಿ ಸಮನ್ಸ್ ಬಂದರೆ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಸಮನ್ಸ್ ತಿರಸ್ಕರಿಸಿದರೆ ಪ್ರಕರಣ ನಿಲ್ಲುವುದಿಲ್ಲ, ನಿಮ್ಮ ಮಾತು ಕೇಳದೆಯೇ ತೀರ್ಪಾಗುತ್ತದೆ. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿ ನೋಡದೆ ವಕೀಲರನ್ನು ಕೊಡುತ್ತಾರೆ. ದಾವೆಗೆ ಮುಂಚೆಯೇ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದೂ ಅಲ್ಲಿಯ ಕೆಲಸ. ಈ ಥರದ ಜಗಳಕ್ಕೆ ನಮ್ಮ ಮಟ್ಟಿಗೆ ಅದೇ ಸರಿಯಾದ ಜಾಗ.

ಮಾಲೀಕರು ನಿಜಕ್ಕೂ ಹೆದರುವುದು ಯಾವುದಕ್ಕೆ

ಹೆಚ್ಚಿನ ಸಲ ಪ್ರಾಣಿಗಲ್ಲ. ವಾಸನೆ, ಸದ್ದು, ನೆಲ, ತಪ್ಪಿಸಿಕೊಂಡರೆ ಏನು ಗತಿ, ಅಕ್ಕಪಕ್ಕದವರ ಬಾಯಿ. ರಾಜಿಗೆ ಕೂರುವ ಮುಂಚೆ ಇವನ್ನು ನಿಜವಾಗಿ ಸರಿಮಾಡಿ ತೋರಿಸಿದರೆ ಎಷ್ಟೋ ಮನೆಗಳಲ್ಲಿ ನೋಟಿಸಿನವರೆಗೆ ಹೋಗುವುದೇ ಇಲ್ಲ.

ನೆಲದಿಂದ ಶುರು ಮಾಡೋಣ, ಏಕೆಂದರೆ ಅಡ್ವಾನ್ಸ್ ಕತ್ತರಿ ಬೀಳುವುದು ಅಲ್ಲೇ. ಇಲ್ಲಿ ಬಹಳ ಮನೆಗಳಿಗೆ ಕಡಪ ಕಲ್ಲು. ಅದು ಸುಣ್ಣದ ಕಲ್ಲು, ಹುಳಿ ಬಿದ್ದರೆ ತಿನ್ನುತ್ತದೆ. ಹಕ್ಕಿ ಹಿಕ್ಕೆ ಒಣಗಿ ಬಿಳಿ ಕಲೆ ಬಿದ್ದಿದೆ ಎಂದು ಬಚ್ಚಲಿನ ಆ್ಯಸಿಡ್, ವಿನೆಗರ್, ನಿಂಬೆಹುಳಿ ಹಾಕಿ ಉಜ್ಜಿದರೆ ಕಲೆ ಹೋಗಿ ಅಲ್ಲಿ ಹೊಳಪಿಲ್ಲದ ಬಿಳಿಚು ಗುರುತು ಉಳಿಯುತ್ತದೆ, ಅದು ಮತ್ತೆ ಪಾಲಿಶ್ ಮಾಡಿಸದೆ ಹೋಗದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ, ಬಟ್ಟೆ ಒದ್ದೆ ಮಾಡಿ ಕಲೆಯ ಮೇಲೆ ಹತ್ತು ನಿಮಿಷ ಹಾಸಿ, ಮರದ ಚಮಚದ ತುದಿಯಿಂದ ಎಬ್ಬಿಸಿ. ಒಣ ಹಿಕ್ಕೆಯನ್ನು ಹಾಗೇ ಕಸಬರಿಗೆಯಿಂದ ಗುಡಿಸಬೇಡಿ. ಧೂಳು ಮೂಗಿಗೆ ಹೋಗಿ ಗಿಳಿಜ್ವರ (ಹಕ್ಕಿಗಳಿಂದ ಮನುಷ್ಯರಿಗೆ ಹತ್ತುವ ಶ್ವಾಸಕೋಶದ ಸೋಂಕು) ಬರುವುದು ಹೀಗೇ. ಮೊದಲು ನೀರು ಚಿಮುಕಿಸಿ, ಆಮೇಲೆ ಒರೆಸಿ. ಪಂಜರದ ತಟ್ಟೆ, ಆಮೆ ತೊಟ್ಟಿಯಂಥವನ್ನು ಸೋಪಿನಿಂದ ತೊಳೆದ ನಂತರ ಲೀಟರ್ ನೀರಿಗೆ 30 ಮಿ.ಲೀ. ಬ್ಲೀಚ್ ಕಲಸಿದ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ ಚೆನ್ನಾಗಿ ಜಾಲಿಸಿ. ಉಚ್ಚೆ ಇರುವಲ್ಲಿ ನೇರವಾಗಿ ಬ್ಲೀಚ್ ಸುರಿದರೆ ಕಣ್ಣು ಗಂಟಲು ಉರಿಸುವ ಅನಿಲ ಏಳುತ್ತದೆ, ಪಂಜರದ ಹಕ್ಕಿಗೆ ಅದು ಇನ್ನೂ ಕೆಟ್ಟದ್ದು.

ಸದ್ದು ಅಂದರೆ ಕಾನ್ಯೂರ್. ಸೂರ್ಯ ಹುಟ್ಟುವಾಗ ಒಮ್ಮೆ, ಮುಳುಗುವಾಗ ಒಮ್ಮೆ ಕಿರುಚುತ್ತದೆ. ಇದು ಅದರ ಹುಟ್ಟುಗುಣ, ಬೈದರೆ ನಿಲ್ಲದು. ಪಂಜರವನ್ನು ಪಕ್ಕದ ಮನೆಗೆ ಅಂಟಿದ ಗೋಡೆಯಿಂದ ತೆಗೆದು ಒಳಕೋಣೆಗೆ ತನ್ನಿ. ರಾತ್ರಿ ದಪ್ಪ ಹತ್ತಿ ಬಟ್ಟೆ ಹೊದಿಸಿ ಏಳು ಗಂಟೆಯವರೆಗೆ ಕತ್ತಲೆ ಇಟ್ಟರೆ ಬೆಳಗಿನ ಕೂಗು ತಡವಾಗುತ್ತದೆ. ಬೇಸಿಗೆಯಲ್ಲಿ ಬಟ್ಟೆಯ ಒಂದು ಬದಿ ತೆರೆದಿರಲಿ.

ಹಾವಿನ ಪೆಟ್ಟಿಗೆಗೆ ಬೀಗ ಬೇಕು, ಚಿಲಕ ಸಾಲದು. ಜಾರುಗಾಜಿನ ಪೆಟ್ಟಿಗೆಯಾದರೆ ಅಂಗಡಿ ಶೋಕೇಸಿಗೆ ಹಾಕುವ ಬೀಗ ಸಿಗುತ್ತದೆ. ಹೆಬ್ಬೆರಳಿನಷ್ಟು ಸಂದಿ ಮರಿಹಾವಿಗೆ ಹೆಬ್ಬಾಗಿಲು. ಕೋಣೆ ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ, ಬಚ್ಚಲ ತೂತಿಗೆ ಜಾಲರಿ. ತಪ್ಪಿಸಿಕೊಂಡೇಬಿಟ್ಟರೆ ಮುಚ್ಚಿಡಬೇಡಿ, ಫೋಟೋ ತೋರಿಸಿ, ವಿಷವಿಲ್ಲ, ಕಂಡರೆ ಬಕೆಟ್ ಬೋರಲು ಹಾಕಿ ಕರೆಯಿರಿ ಎಂದು ಪಕ್ಕದವರಿಗೆ ಹೇಳಿ. ಹೇಳದಿದ್ದರೆ ಮೊದಲು ಕಂಡವರ ಕೈಗೆ ಸಿಗುವುದು ಕೋಲು. ಪ್ರಾಣಿಯನ್ನು ಅಜಾಗರೂಕತೆಯಿಂದ ಇಟ್ಟು ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ.

ದೊಡ್ಡ ಮೀನಿನ ತೊಟ್ಟಿ ಇಟ್ಟವರು ತೂಕ ಲೆಕ್ಕ ಹಾಕಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ನೀರೇ ಸುಮಾರು 190 ಕಿಲೋ, ಗಾಜು ಕಲ್ಲು ಬೇರೆ. ಜಂತಿ ಹಾಕಿದ ಹಳೇ ಮಣ್ಣಿನ ಮಾಳಿಗೆ ಮೇಲೆ ಇದು ಬೇಡ ಎಂದು ಮಾಲೀಕರು ಅಂದರೆ ಅವರ ಮಾತು ನ್ಯಾಯ.

ಬೀಗ ಹಾಕಿದರೆ, ಕರೆಂಟ್ ತೆಗೆದರೆ

ಕೋರ್ಟಿನ ಆದೇಶವಿಲ್ಲದೆ ಬಲವಂತವಾಗಿ ಹೊರಹಾಕಲು ಮಾಲೀಕರಿಗೆ ಅಧಿಕಾರವಿಲ್ಲ. ಮನೆ ಬಿಡಿಸುವುದು ಪೊಲೀಸರ ಕೆಲಸವೂ ಅಲ್ಲ. ನೀವು ಕೆಲಸಕ್ಕೆ ಹೋದಾಗ ಬೀಗ ಬಿದ್ದಿದ್ದರೆ ಒಡೆಯಬೇಡಿ. ಬಾಗಿಲ ವಿಡಿಯೋ ಮಾಡಿ, 112ಕ್ಕೆ ಕರೆಮಾಡಿ, ಠಾಣೆಯಲ್ಲಿ ಬರಹದ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನ ಮೊದಲ ಸಾಲೇ ‘ಒಳಗೆ ಜೀವಂತ ಪ್ರಾಣಿ ನೀರಿಲ್ಲದೆ ಸಿಕ್ಕಿಕೊಂಡಿದೆ’ ಎಂದಿರಲಿ; ಬಾಡಿಗೆ ವ್ಯಾಜ್ಯ ಸಿವಿಲ್ ಎಂದು ಕೈತೊಳೆದುಕೊಳ್ಳುವುದು ಆಗ ಕಷ್ಟ. ಒಕ್ಕಲೆಬ್ಬಿಸಿಯೇಬಿಟ್ಟರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಕೇಳಬಹುದು. ಪ್ರಾಣಿಯನ್ನು ಕೊಂದರೆ ಅಥವಾ ವಿಷ ಹಾಕಿದರೆ ನ್ಯಾಯ ಸಂಹಿತೆಯ 325ನೇ ಕಲಮು, ಐದು ವರ್ಷದವರೆಗೆ ಜೈಲು. ಕರೆಂಟ್ ಹೋದರೆ ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಹಿಡಿದು ಜೆಸ್ಕಾಂ ಕಚೇರಿಗೆ ಹೋಗಿ, ಕಂಬದಿಂದ ಹೋಯಿತೋ ಮಾಲೀಕರು ಫ್ಯೂಸ್ ತೆಗೆದರೋ ಎಂದು ಮೊದಲು ತಿಳಿದುಕೊಳ್ಳಿ.

ಸಾಗಿಸುವ ದಿನ

ಮನೆ ಬದಲಿಸುವುದೇ ಆದರೆ ಬಳ್ಳಾರಿ ಬಿಸಿಲನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಿದು. ಪ್ರಾಣಿ ಬೆಳಿಗ್ಗೆ ಐದರಿಂದ ಏಳರೊಳಗೆ ಹೊಸ ಮನೆ ಸೇರಿರಬೇಕು, ಸಾಮಾನಿನ ಟೆಂಪೋದಲ್ಲಿ ಅಲ್ಲ, ಮನುಷ್ಯರು ಕೂರುವ ಗಾಡಿಯಲ್ಲಿ. ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ.

ಹಾವಿಗೆ ಸಾಗಿಸುವ ಐದಾರು ದಿನ ಮುಂಚೆಯೇ ಊಟ ನಿಲ್ಲಿಸಿ. ಹೊಟ್ಟೆ ತುಂಬಿದ ಹಾವನ್ನು ಅಲುಗಾಡಿಸಿದರೆ ಕಕ್ಕುತ್ತದೆ, ಹಾಗಾದರೆ ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು. ಹತ್ತಿ ದಿಂಬಿನ ಚೀಲವನ್ನು ಒಳಗಿನ ಹೊಲಿಗೆ ದಾರ ಹೊರಗೆ ಬರುವಂತೆ ತಿರುವಿ, ಹಾವನ್ನು ಬಿಟ್ಟು, ಬಾಯಿ ತಿರುಚಿ ಅದನ್ನೇ ಗಂಟು ಹಾಕಿ, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಡಬ್ಬಿ ಮೇಲೆ ಜಾತಿಯ ಹೆಸರು, ನಿಮ್ಮ ನಂಬರು, ಒಳಗೆ ನೋಂದಣಿಯ ಪ್ರತಿ. ಹಕ್ಕಿಗೆ ಸಣ್ಣ ಪಂಜರ, ನೀರಿನ ಬಟ್ಟಲಿನ ಬದಲು ಸೌತೆಕಾಯಿ ಹೋಳು. ಕೊಕ್ಕು ತೆರೆದು ರೆಕ್ಕೆ ಅಗಲಿಸಿ ಏದುಸಿರು ಬಿಟ್ಟರೆ ಬಿಸಿಲು ಹತ್ತಿದೆ ಎಂದರ್ಥ. ನೆರಳಿಗೆ ತಂದು ಕಾಲಿಗೆ ತಣ್ಣೀರು ಸವರಿ, ಐಸ್ ಬೇಡ. ಹೊಸ ಮನೆಗೆ ಜಿರಳೆ ಔಷಧಿ ಹೊಡೆಸಿದ್ದರೆ ಕಿಟಕಿ ತೆರೆದಿಟ್ಟು ಎರಡು ಮೂರು ದಿನವಾದರೂ ಬಿಟ್ಟು ಒಯ್ಯಿರಿ. ಮೀನು, ಹಕ್ಕಿ, ಹಾವು ಮೂರಕ್ಕೂ ಆ ಔಷಧಿ ಆಗಿಬರುವುದಿಲ್ಲ.

ಹಳೇ ಮನೆಯ ಕೀಲಿ ಕೊಡುವಾಗ ಖಾಲಿ ಕೋಣೆಗಳ ವಿಡಿಯೋ ಹಗಲು ಬೆಳಕಿನಲ್ಲಿ ಮಾಡಿ. ನೆಲ, ಗೋಡೆಯ ಬುಡ, ಬಚ್ಚಲು, ಕರೆಂಟ್ ಮೀಟರಿನ ಅಂಕಿ ಕಾಣಬೇಕು. ಮಾಲೀಕರಿಂದ ‘ಕೀಲಿ ಪಡೆದಿದ್ದೇನೆ, ಅಡ್ವಾನ್ಸ್ ಇಷ್ಟು, ಹಿಡಿದುಕೊಂಡದ್ದು ಇಷ್ಟು, ಇಂಥದಕ್ಕೆ’ ಎಂದು ಸಹಿ ಪಡೆಯಿರಿ. ಸಹಿಗೆ ಒಪ್ಪದಿದ್ದರೆ ಅಷ್ಟನ್ನೇ ನೀವು ವಾಟ್ಸಾಪಿನಲ್ಲಿ ಬರೆದು ಕಳಿಸಿ, ನೀಲಿ ಗೆರೆ ಬಿದ್ದ ಮೇಲೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹೊಸ ಮನೆಯ ಕರಾರಿನಲ್ಲಿ ಪ್ರಾಣಿಯ ಜಾತಿ, ಸಂಖ್ಯೆ ಬರೆಸಿ ‘ಮಾಲೀಕರ ಒಪ್ಪಿಗೆ ಇದೆ’ ಎಂಬ ಸಾಲು ಸೇರಿಸಿದ ಮೇಲೇ ಅಡ್ವಾನ್ಸ್ ಕೊಡಿ.